ಮೊದಲ ವಾರ್‌ಗೇಮ್ ಟೂರ್ನಮೆಂಟಿಗೆ ಕಲಬುರಗಿಯಿಂದ ಹೊರಡುವ ಮುನ್ನ

ವಾರ್‌ಗೇಮ್ ಎಂದರೆ ಪುಟ್ಟ ಗೊಂಬೆಗಳ ಪಡೆಯನ್ನು ಮೇಜಿನ ಮೇಲೆ ಅಳೆದು ಸರಿಸಿ, ದಾಳ ಎಸೆದು ಇಬ್ಬರು ಆಡುವ ಯುದ್ಧದ ಆಟ. ಬೆಂಗಳೂರಿನಲ್ಲಿ ನಾನು ಆಡಿದ ಮೊದಲ ಟೂರ್ನಮೆಂಟಿನ ಮೊದಲ ಆಟ ಮುಗಿಯಲೇ ಇಲ್ಲ. ಐದು ಸುತ್ತು ಆಡಬೇಕಿತ್ತು. ಮೂರನೇ ಸುತ್ತಿನ ನಡುವೆಯೇ ಸಮಯ ಮುಗಿದು ಗಂಟೆ ಬಾರಿಸಿದರು. ಮೇಜಿನ ಮೇಲೆ ನನ್ನ ನಲವತ್ತು ಪುಟ್ಟ ಜೀವಿಗಳು ಇನ್ನೂ ನಿಂತಿದ್ದವು. ಎದುರಿನವರ ಬಳಿ ಹದಿನೈದು ಸೈನಿಕರೂ ಉಳಿದಿರಲಿಲ್ಲ. ಆದರೂ ಅಂಕದಲ್ಲಿ ಅವರೇ ಮುಂದಿದ್ದರು, ಗೆದ್ದರು. ಕಲಬುರಗಿಯಲ್ಲಿ ಗೆಳೆಯನ ಮನೆಯ ಮಾಳಿಗೆ ಕೋಣೆಯಲ್ಲಿ ಆಡುವಾಗ ಮಧ್ಯಾಹ್ನ ಶುರುಮಾಡಿದ ಆಟವನ್ನು ರಾತ್ರಿ ಊಟದ ತನಕ ಎಳೆದು ರೂಢಿ ನನಗೆ. ಒಂದೊಂದು ಗೊಂಬೆಗೂ ಟೇಪು ಹಿಡಿದು, ನಡುನಡುವೆ ಚಹಾ ಕುಡಿದು, ನಿಯಮದ ಪುಟ ತಿರುವಿ ಚರ್ಚೆ ಮಾಡಿ ಆಡುತ್ತಿದ್ದೆವು. ಆ ಸುಖವೇ ಬೇರೆ. ಟೂರ್ನಮೆಂಟಿನಲ್ಲಿ ಅದೇ ಆಟವನ್ನು ಎರಡು ಗಂಟೆಯಲ್ಲಿ ಮುಗಿಸಬೇಕು.

ಈಗ ಬೀದರ್, ಯಾದಗಿರಿ ಕಡೆಯಿಂದಲೂ ಒಬ್ಬಿಬ್ಬರು ಈ ಆಟಕ್ಕೆ ಬರುತ್ತಿದ್ದಾರೆ, ಹೊರಗಿನ ಟೂರ್ನಮೆಂಟಿಗೆ ಹೋಗುವುದು ಹೇಗೆ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಡುವುದು ವಾರ್‌ಹ್ಯಾಮರ್ 40,000. ಹೀಗಾಗಿ ಲೆಕ್ಕ, ನಿಯಮ ಎಲ್ಲ ಅದರವೇ. ಬೇರೆ ಮಿನಿಯೇಚರ್ ಆಟ ಆಡುವವರಿಗೂ ಅರ್ಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಯಾವ ಆವೃತ್ತಿ, ಎಷ್ಟು ಪಾಯಿಂಟ್: ಮೊದಲು ಇದನ್ನು ಕೇಳಿ

ಈ ಆಟವನ್ನು ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದಿತು. ಈಚೆಗೆ ಮೂರು ವರ್ಷಕ್ಕೊಮ್ಮೆ ನಿಯಮದ ಹೊಸ ಆವೃತ್ತಿ ಬರುತ್ತಿದೆ: 8ನೆಯದು 2017ರಲ್ಲಿ, 9ನೆಯದು 2020ರಲ್ಲಿ, 10ನೆಯದು 2023ರಲ್ಲಿ ಬಂತು. ಇಲ್ಲಿ ಹೇಳುವುದೆಲ್ಲ 10ನೇ ಆವೃತ್ತಿಯ ಲೆಕ್ಕ. ನೀವು ಹೋಗುವ ಟೂರ್ನಮೆಂಟಿನಲ್ಲಿ ಯಾವ ಆವೃತ್ತಿ ನಡೆಯುತ್ತದೆ, ಯಾವ ತಾರೀಖಿನ ಪಾಯಿಂಟ್ ಪಟ್ಟಿ ಹಿಡಿಯುತ್ತಾರೆ ಎಂದು ನಡೆಸುವವರನ್ನು ಕೇಳಿಕೊಳ್ಳಿ. ಪಾಯಿಂಟ್ ಎಂದರೆ ಪ್ರತಿ ತುಕಡಿಗೆ ಕಟ್ಟಿದ ಬೆಲೆ. ಅದನ್ನು ಕಂಪನಿ ವರ್ಷದಲ್ಲಿ ಹಲವು ಸಲ ಏರಿಳಿಸುತ್ತದೆ. ಮನೆಯಲ್ಲಿ ಸರಿಯಾಗಿ 1,000 ಇದ್ದ ಪಡೆ ಅಲ್ಲಿಗೆ ಹೋಗುವ ಹೊತ್ತಿಗೆ 1,015 ಆಗಿದ್ದರೆ ಒಂದು ತುಕಡಿ ಕೈಬಿಡಬೇಕಾಗುತ್ತದೆ.

ದೊಡ್ಡ ಟೂರ್ನಮೆಂಟುಗಳು 2,000 ಪಾಯಿಂಟಿನವು, ಒಂದು ಆಟಕ್ಕೆ ಸುಮಾರು ಮೂರು ಗಂಟೆ. ಹೊಸಬರಿಗೆ ನನ್ನ ಮಾತು: ಮೊದಲನೆಯದು 1,000 ಪಾಯಿಂಟಿನದೇ ಇರಲಿ. ಅದೂ ಸಿಗದಿದ್ದರೆ ಇದೇ ಕಂಪನಿಯ ಸಣ್ಣ ಆಟಗಳಾದ ಕಾಂಬ್ಯಾಟ್ ಪ್ಯಾಟ್ರೋಲ್ ಅಥವಾ ಕಿಲ್ ಟೀಮ್ ಆಡಿ. ಕಿಲ್ ಟೀಮ್‌ನಲ್ಲಿ ಸಾಮಾನ್ಯವಾಗಿ ಒಂದು ಡಜನ್ ಆಸುಪಾಸು ಗೊಂಬೆ ಸಾಕು, ಮೇಜೂ ಚಿಕ್ಕದು. ಸಣ್ಣ ಆಟದಲ್ಲಿ ಕಲಿತದ್ದು ದೊಡ್ಡದಕ್ಕೆ ಬರುತ್ತದೆ. ದೊಡ್ಡದರಲ್ಲಿ ಗೊಂದಲಗೊಂಡವರು ಮತ್ತೆ ಬರದೇ ಹೋದದ್ದನ್ನು ನಾನು ಕಂಡಿದ್ದೇನೆ. ಅದು ನನಗೆ ಬೇಸರದ ವಿಷಯ.

ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ: ತ್ರೀಡಿ ಪ್ರಿಂಟ್ ಮಾಡಿದ ಗೊಂಬೆ ನಡೆಯುತ್ತದೆಯೇ? ಕಂಪನಿಯೇ ನಡೆಸುವ ಆಟಗಳಲ್ಲಿ ಅವರದೇ ಗೊಂಬೆ ಬೇಕು. ಆಟಗಾರರೇ ಸೇರಿ ನಡೆಸುವ ಕಡೆ ಬಹಳ ಸಲ ಒಪ್ಪುತ್ತಾರೆ, ಆದರೆ ಕೈಯಲ್ಲಿರುವ ಆಯುಧ ಪಟ್ಟಿಯಲ್ಲಿ ಬರೆದದ್ದೇ ಆಗಿರಬೇಕು ಎನ್ನುತ್ತಾರೆ. ನಮ್ಮ ಕಡೆ ಪೆಟ್ಟಿಗೆ ತರಿಸುವುದು ದುಬಾರಿ. ಆದ್ದರಿಂದ ಇಬ್ಬರು ಸೇರಿ ಒಂದು ಸ್ಟಾರ್ಟರ್ ಪೆಟ್ಟಿಗೆ ಕೊಂಡು ಪಾಲು ಮಾಡಿಕೊಳ್ಳುವುದು ಒಳ್ಳೆಯ ದಾರಿ. 10ನೇ ಆವೃತ್ತಿಯ ಪೆಟ್ಟಿಗೆಯಲ್ಲಿ ಕವಚ ತೊಟ್ಟ ಸೈನಿಕರಾದ ಸ್ಪೇಸ್ ಮರೀನ್ ಒಂದು ಕಡೆ, ಅನ್ಯಲೋಕದ ಪ್ರಾಣಿಗಳಾದ ಟಿರಾನಿಡ್ ಇನ್ನೊಂದು ಕಡೆ ಇರುತ್ತವೆ. ಬೀದರಿನ ಗೆಳೆಯ ಮರೀನ್ ಇಟ್ಟುಕೊಂಡ, ನಾನು ಟಿರಾನಿಡ್ ಎತ್ತಿಕೊಂಡೆ. ಆಟ ಶುರುವಾದದ್ದು ಹಾಗೆ.

ಪಡೆ ಕಟ್ಟುವಾಗ ಸರಳವಾಗಿರಲಿ

ಬಲಿಷ್ಠ ಪಡೆ ಯಾವುದು ಎಂದು ಹುಡುಕುತ್ತಾ ತಿಂಗಳಿಗೊಂದು ಪಡೆ ಬದಲಿಸಬೇಡಿ. ಒಂದೇ ಪಡೆ, ಒಂದೇ ಪಟ್ಟಿ, ಕನಿಷ್ಠ ಹತ್ತು ಆಟ. ಪ್ರತಿ ತುಕಡಿಯ ನಡಿಗೆ ಎಷ್ಟು ಇಂಚು, ಎಷ್ಟು ಬಿದ್ದರೆ ಗುರಿ ಮುಟ್ಟುತ್ತದೆ, ಎಷ್ಟು ಬಿದ್ದರೆ ಗಾಯವಾಗುತ್ತದೆ, ಕವಚ ಎಷ್ಟಕ್ಕೆ ಉಳಿಯುತ್ತದೆ ಎಂಬ ನಾಲ್ಕು ಸಂಗತಿ ನಾಲಿಗೆಯ ತುದಿಯಲ್ಲಿರಬೇಕು. ಪುಸ್ತಕ ತೆಗೆದು ಹುಡುಕುವ ಅರ್ಧ ನಿಮಿಷ ಐದು ಸುತ್ತಿನಲ್ಲಿ ಇಪ್ಪತ್ತು ಸಲ ಬಂದರೆ ಹತ್ತು ನಿಮಿಷ ಹೋಯಿತು.

ನನ್ನ ತಪ್ಪು ಇಲ್ಲಿಯೇ ಇತ್ತು. ಟರ್ಮಗಾಂಟ್ ಎಂಬ ಸಣ್ಣ ಪ್ರಾಣಿಗಳ ಇಪ್ಪತ್ತಿಪ್ಪತ್ತರ ಮೂರು ಗುಂಪು ತೆಗೆದುಕೊಂಡು ಹೋಗಿದ್ದೆ. ಸಂಖ್ಯೆ ಹೆಚ್ಚಾದಷ್ಟೂ ಅಂಕ ತರುವ ಗುರುತಿನ ಜಾಗಗಳನ್ನು ಹಿಡಿಯುವುದು ಸುಲಭ ಎಂಬುದು ನಿಜ. ಆದರೆ ಅರವತ್ತು ಗೊಂಬೆ ಸರಿಸಲು ಬೇಕಾದ ಹೊತ್ತನ್ನು ನಾನು ಲೆಕ್ಕ ಹಾಕಿರಲಿಲ್ಲ. ಮೊದಲ ಟೂರ್ನಮೆಂಟಿಗೆ 1,000 ಪಾಯಿಂಟಿನಲ್ಲಿ ಮೂವತ್ತರ ಒಳಗೆ ಗೊಂಬೆಗಳಿರುವ ಪಡೆ ಸಾಕು. ಹೆಚ್ಚು ಗೊಂಬೆಗಳ ಪಡೆಯೇ ಇಷ್ಟವೆಂದರೆ ರಟ್ಟಿನ ಟ್ರೇ ಮಾಡಿಕೊಂಡು ಹತ್ತತ್ತನ್ನು ಒಟ್ಟಿಗೆ ಸರಿಸಲು ಕಲಿಯಿರಿ. ಮುಂದಿನ ಸಾಲಿನ ಗೊಂಬೆಯನ್ನು ಸರಿಯಾಗಿ ಅಳೆದು ಇಟ್ಟು, ಉಳಿದವನ್ನು ಅದರ ಹಿಂದೆ ಕೂಡಿಸುವುದು ಎಲ್ಲರೂ ಒಪ್ಪುವ ಪದ್ಧತಿ.

ಬಣ್ಣಕ್ಕೆ ಹತ್ತು ಅಂಕ

10ನೇ ಆವೃತ್ತಿಯಲ್ಲಿ ಒಂದು ಆಟದ ಪೂರ್ಣ ಅಂಕ 100. ಮುಖ್ಯ ಗುರಿಗೆ 50, ಉಪಗುರಿಗಳಿಗೆ 40, ಪಡೆ ಪೂರ್ತಿ ಬಣ್ಣ ಹಚ್ಚಿದ್ದರೆ 10. ಎರಡನೇ ಆಟವನ್ನು ನಾನು 7 ಅಂಕದಿಂದ ಸೋತೆ. ನನ್ನ ಎಂಟು ಗೊಂಬೆಗಳಿಗೆ ಬರೀ ಕಪ್ಪು ಪ್ರೈಮರ್ ಇತ್ತು, ಆದ್ದರಿಂದ ಆ 10 ಅಂಕ ಸಿಗಲಿಲ್ಲ. ಎಂಟು ಗೊಂಬೆಗೆ ಎರಡು ಸಂಜೆಯ ಕೆಲಸ. ನೀವು ಆ ಎರಡು ಸಂಜೆ ಕೊಟ್ಟೇ ಹೊರಡಿ.

ಇದಕ್ಕೆ ದೊಡ್ಡ ಕಲಾವಿದರಾಗಬೇಕಿಲ್ಲ. ಮುಖ್ಯ ಭಾಗಗಳಿಗೆ ಬಣ್ಣ, ಅದರ ಮೇಲೆ ನೆರಳಿಗೆ ವಾಶ್ ಎಂಬ ನೀರುನೀರಾದ ಬಣ್ಣ, ಕಾಲಡಿಯ ಬಿಲ್ಲೆಗೆ ಮಣ್ಣಿನ ಹೊದಿಕೆ, ಇಷ್ಟಿದ್ದರೆ ಸಾಕು. ಆದರೆ ನಮ್ಮ ಊರಿನ ಹವೆಗೆ ಕೆಲವು ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನ ಸ್ಪ್ರೇ ಮಾಡಿದರೆ ಹನಿ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗಿ ಮೈಯೆಲ್ಲ ಮರಳಿನಂತೆ ತರಿತರಿ ಆಗುತ್ತದೆ. ಬೆಳಿಗ್ಗೆ ಆರೂವರೆಗೆ, ಗಾಳಿ ಏಳುವ ಮುನ್ನ ಮಾಳಿಗೆಯ ಮೇಲೆ ಮುಗಿಸಿಬಿಡಿ. ಸ್ಪ್ರೇ ಡಬ್ಬಿಯನ್ನು ಬಿಸಿಲಲ್ಲಿ ಬಿಟ್ಟು ಬರಬೇಡಿ, 50 ಡಿಗ್ರಿ ದಾಟಿದರೆ ಡಬ್ಬಿ ಒಡೆಯುವ ಅಪಾಯವಿದೆ. ಒಣಗುವ ತನಕ ಧೂಳು ಕೂರದಂತೆ ಗೊಂಬೆಗಳ ಮೇಲೆ ರಟ್ಟಿನ ಡಬ್ಬಿ ಬೋರಲು ಹಾಕಿ.

ಅಕ್ರಿಲಿಕ್ ಬಣ್ಣ ಬೇಸಿಗೆಯಲ್ಲಿ ಪ್ಯಾಲೆಟ್ ಮೇಲೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಮುಚ್ಚಳವಿರುವ ಊಟದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕರಿಯವರು ಬಳಸುವ ಬೇಕಿಂಗ್ ಪೇಪರ್ ಇಟ್ಟು ಬಣ್ಣ ಕಲಸಿ. ಮುಚ್ಚಿಟ್ಟರೆ ಮರುದಿನಕ್ಕೂ ಬಣ್ಣ ಹಸಿಯಾಗಿರುತ್ತದೆ.

ಬಿಲ್ಲೆಯ ಮೇಲಿನ ಮಣ್ಣಿಗೆ ಅಂಗಡಿಯ ಡಬ್ಬಿ ಬೇಕಿಲ್ಲ. ನಾನು ಹೊಲದ ಕರಿಮಣ್ಣನ್ನು ಜರಡಿ ಹಿಡಿದು, ಹುಳ, ತೇವ ಹೋಗುವಂತೆ ಹಳೆ ಹಂಚಿನ ಮೇಲೆ ಹುರಿದು, ಫೆವಿಕಾಲ್‌ನಿಂದ ಅಂಟಿಸುತ್ತೇನೆ. ಬಂಡೆಗೆ ಶಹಾಬಾದ್ ಕಲ್ಲಿನ ಚೂರು, ಒಣ ಎಲೆಗೆ ತೊಗರಿ ಹೊಟ್ಟು. ಬೀದರಿನ ಗೆಳೆಯ ಅವರ ಊರಿನ ಕೆಂಪು ಮುರ್ರಂ ಮಣ್ಣನ್ನೇ ಹಾಕಿದ್ದಾನೆ. ಎರಡು ಪಡೆ ಎದುರುಬದುರು ನಿಂತರೆ ಯಾವುದು ಯಾವ ಜಿಲ್ಲೆಯದು ಎಂದು ಮಣ್ಣೇ ಹೇಳುತ್ತದೆ. ಬೆಂಗಳೂರಿನಲ್ಲಿ ಎದುರಾಳಿಯೊಬ್ಬರು ಈ ಕರಿಮಣ್ಣು ಯಾವ ಬ್ರ್ಯಾಂಡ್ ಎಂದು ಕೇಳಿದರು. ಊರಿನ ಹೆಸರು ಹೇಳುವಾಗ ನನಗೆ ಖುಷಿಯಾಯಿತು.

ಕಣ್ಣು, ಹಲ್ಲು ತಿದ್ದುವಾಗ ಒಳ್ಳೆಯ ಬೆಳಕು ಇರಲಿ. ರಾತ್ರಿ ನಾನು ಬಣ್ಣ ಹಚ್ಚುತ್ತ ಕೂತಿದ್ದಾಗ ಅವ್ವ ಬಂದು ನೋಡಿ, “ಇಷ್ಟ್ ಸಣ್ ಗೊಂಬಿಗಿ ಕಣ್ ತಿದ್ತಿ, ನಿನ್ ಕಣ್ ಹಾಳ್ ಮಾಡ್ಕೋಬ್ಯಾಡಪ್ಪ,” ಅಂದಳು. ಮರುದಿನವೇ ಬಗ್ಗಿಸುವ ಕತ್ತಿನ ಟೇಬಲ್ ಲ್ಯಾಂಪ್ ತಂದೆ. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ನಾಯಕ ಅರಸರ ಕಾಲದಲ್ಲಿ ಬೆಳೆದ ಸೂಕ್ಷ್ಮ ಚಿತ್ರಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಗೆರೆ ಎಷ್ಟು ಸಣ್ಣದಾಗಬಹುದು, ಬಂಗಾರದ ಬಣ್ಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು ಕಣ್ಣಿಗೆ ಬೀಳುತ್ತದೆ. ಕವಚದ ಅಂಚು ತಿದ್ದುವಾಗ ನನಗೆ ಆ ಚಿತ್ರಗಳೇ ಎದುರಿಗೆ ಬರುತ್ತವೆ.

ಗಡಿಯಾರ ಇಟ್ಟು ಅಭ್ಯಾಸ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎರಡು ಗಂಟೆಯ ಆಟದಲ್ಲಿ ನಿಮ್ಮ ಪಾಲು 60 ನಿಮಿಷ. ಪಡೆ ಹೂಡಲು 10 ನಿಮಿಷ ತೆಗೆದರೆ ಉಳಿದದ್ದು 50. ಐದು ಸರದಿಗೆ ಹಂಚಿದರೆ ಸರದಿಗೆ 10 ನಿಮಿಷ. ಆ 10 ನಿಮಿಷದೊಳಗೆ ಕಮಾಂಡ್, ನಡಿಗೆ, ಗುಂಡು ಹಾರಿಸುವುದು, ನುಗ್ಗುವುದು, ಕೈಕೈ ಕಾದಾಟ, ಈ ಐದೂ ಹಂತ ಮುಗಿಯಬೇಕು. ಎದುರಾಳಿಯ ಸರದಿಯಲ್ಲಿ ನೀವು ಕವಚದ ದಾಳ ಎಸೆಯುವ ಹೊತ್ತೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಚದುರಂಗದ ಗಡಿಯಾರ ಇಟ್ಟರೆ ದಾಳ ಕೈಗೆ ಬಂದವರ ಕಡೆ ಅದು ಓಡುತ್ತದೆ. ನಿಮ್ಮ 60 ನಿಮಿಷ ಮುಗಿಯಿತೆಂದರೆ ಆಮೇಲೆ ನೀವು ಕವಚದ ದಾಳ ಎಸೆಯಬಹುದು, ಹಿಡಿದ ಜಾಗದ ಅಂಕ ಪಡೆಯಬಹುದು, ಬೇರೇನೂ ಮಾಡುವಂತಿಲ್ಲ. ಸಾಮಾನ್ಯವಾಗಿ ನಿಯಮ ಹೀಗಿರುತ್ತದೆ. ಗಡಿಯಾರದ ಬೆಲೆ ಕೊಡುವುದು ಬೇಡವೆಂದರೆ ಫೋನಿನಲ್ಲಿ ಉಚಿತ ಆ್ಯಪ್ ಹಾಕಿಕೊಳ್ಳಿ.

ಆ ಟೂರ್ನಮೆಂಟಿನಿಂದ ಬಂದ ಮೇಲೆ ನಾವು ಮಾಡಿದ ಅಭ್ಯಾಸ ಹೀಗಿತ್ತು. ಮೊದಲ ಮೂರು ಆಟ, ಗಡಿಯಾರ ಓಡಿಸಿ ಬರೀ ನೋಡಿದೆವು, ಯಾರನ್ನೂ ನಿಲ್ಲಿಸಲಿಲ್ಲ. ನನ್ನ ಪಾಲಿಗೆ 95 ನಿಮಿಷ ಬಂತು. ಎಲ್ಲಿ ಹೋಯಿತು ಎಂದು ಹಂತಹಂತವಾಗಿ ಬರೆದುಕೊಂಡಾಗ ನಡಿಗೆಯಲ್ಲೇ ಅರ್ಧ ಹೋಗಿತ್ತು. ಮುಂದಿನ ಮೂರು ಆಟಕ್ಕೆ ಒಂದು ಕಟ್ಟಳೆ ಮಾಡಿಕೊಂಡೆ: ನನ್ನ ಯೋಚನೆಯನ್ನು ಎದುರಾಳಿಯ ಸರದಿಯಲ್ಲಿ ಮುಗಿಸಿ, ನನ್ನ ಸರದಿ ಬಂದಾಗ ಕೈ ಮಾತ್ರ ಆಡಿಸುವುದು. ಯಾವ ತುಕಡಿಗೆ ಈ ಸುತ್ತಿನಲ್ಲಿ ಕೆಲಸವಿಲ್ಲವೋ ಅದನ್ನು ಮುಟ್ಟುವುದೇ ಇಲ್ಲ. ಏಳನೇ ಆಟಕ್ಕೆ 58 ನಿಮಿಷಕ್ಕೆ ಬಂದೆ.

ದಾಳಗಳನ್ನು ಐದೈದರ ಗುಂಪಾಗಿ ಮುಂದೆ ಜೋಡಿಸಿ ಇಟ್ಟುಕೊಳ್ಳಿ. ಇಪ್ಪತ್ತು ದಾಳ ಬೇಕೆಂದಾಗ ನಾಲ್ಕು ಗುಂಪು ಎತ್ತಿದರಾಯಿತು, ಎಣಿಸುವ ಗೋಜಿಲ್ಲ. ಎಸೆದ ಮೇಲೆ ತಪ್ಪಿದ ದಾಳಗಳನ್ನು ತೆಗೆದು ಗೆದ್ದವನ್ನು ಮೇಜಿನ ಮೇಲೆಯೇ ಬಿಡಿ, ಎದುರಿನವರಿಗೆ ಕಾಣುವಂತೆ. ಇದರಿಂದ ಹೊತ್ತೂ ಉಳಿಯುತ್ತದೆ, ಸಂಶಯವೂ ಹುಟ್ಟುವುದಿಲ್ಲ.

ದಾಳದ ಲೆಕ್ಕ ಬಾಯಿಪಾಠ

ಪಗಡೆ ಆಡಿದ ಮನೆಯವರಿಗೆ ದಾಳದ ಮರ್ಜಿ ಹೊಸದಲ್ಲ. ಆದರೂ ಕೆಲವು ಸಂಖ್ಯೆ ಬಾಯಿಪಾಠ ಇದ್ದರೆ ನಿರ್ಧಾರ ಬೇಗ ಆಗುತ್ತದೆ. ನುಗ್ಗಲು ಎರಡು ದಾಳ ಎಸೆಯಬೇಕು. ವೈರಿಯನ್ನು ಮುಟ್ಟಲು ಎರಡೂ ಸೇರಿ 9 ಇಂಚು ಬೀಳಬೇಕಿದ್ದರೆ ಸಂಭವ 36ರಲ್ಲಿ 10, ಎಂದರೆ ನೂರಕ್ಕೆ ಸುಮಾರು 28. 8 ಇಂಚಿಗೆ 42, 7 ಇಂಚಿಗೆ 58, 6 ಇಂಚಿಗೆ 72. ಒಂದೊಂದು ಇಂಚಿಗೆ ಎಷ್ಟು ವ್ಯತ್ಯಾಸ ನೋಡಿ. ನಡಿಗೆಯ ಹಂತದಲ್ಲಿ ಇನ್ನೆರಡು ಇಂಚು ಮುಂದೆ ಸರಿಯಲು ಜಾಗವಿತ್ತೇ ಎಂದು ನೋಡದೆ 9 ಇಂಚಿನಿಂದ ನುಗ್ಗಿ, ದಾಳ ಕೈಕೊಟ್ಟಿತು ಎನ್ನುವವರು ಬಹಳ.

ಗಾಯದ ಲೆಕ್ಕವೂ ಸರಳ. ಆಯುಧದ ಬಲ ಮೈಗಟ್ಟಿತನದ ಎರಡರಷ್ಟು ಅಥವಾ ಮೇಲಿದ್ದರೆ 2 ಬಿದ್ದರೂ ಸಾಕು, ಬರೀ ಹೆಚ್ಚಿದ್ದರೆ 3, ಸಮ ಇದ್ದರೆ 4, ಕಡಿಮೆ ಇದ್ದರೆ 5, ಅರ್ಧ ಅಥವಾ ಅದಕ್ಕೂ ಕಡಿಮೆ ಇದ್ದರೆ 6. ಈಗ ಒಂದು ಉದಾಹರಣೆ. 20 ಗುಂಡು ಹಾರಿಸುತ್ತೀರಿ, 3 ಅಥವಾ ಹೆಚ್ಚು ಬಿದ್ದರೆ ತಾಗುತ್ತದೆ: ಸರಾಸರಿ 13. ಬಲ ಸಮಸಮ, 4 ಬೇಕು: ಉಳಿದದ್ದು 6 ಅಥವಾ 7. ಎದುರಿನ ಕವಚ 3ಕ್ಕೆ ಉಳಿಯುತ್ತದೆ: ದಾಟಿ ಹೋಗುವುದು 2. ಸ್ಪೇಸ್ ಮರೀನ್‌ಗೆ ತಲಾ ಎರಡು ಜೀವ ಇರುತ್ತದೆ. ಗುಂಡೊಂದು ಒಂದೇ ಜೀವ ತೆಗೆಯುವಂಥದ್ದಾದರೆ, ಇಪ್ಪತ್ತು ಗುಂಡಿಗೆ ಬಿದ್ದವನು ಒಬ್ಬ! ಈ ಲೆಕ್ಕ ತಿಳಿದ ದಿನವೇ ನಾನು ಎಲ್ಲರನ್ನೂ ಕೊಲ್ಲುವ ಯೋಚನೆ ಬಿಟ್ಟು, ಜಾಗ ಹಿಡಿಯುವ ಕಡೆ ತಿರುಗಿದೆ.

ಅಂಕ ಬರುವುದೂ ಅಲ್ಲಿಂದಲೇ. ಮೇಜಿನ ಮೇಲೆ 40 ಮಿಲಿಮೀಟರ್ ಅಗಲದ ಗುರುತಿನ ಬಿಲ್ಲೆಗಳಿರುತ್ತವೆ. ಪ್ರತಿ ಗೊಂಬೆಗೂ ಹಿಡಿತದ ಒಂದು ಸಂಖ್ಯೆ ಇರುತ್ತದೆ; ಬಿಲ್ಲೆಯಿಂದ 3 ಇಂಚಿನೊಳಗೆ ಯಾರ ಹಿಡಿತದ ಮೊತ್ತ ಹೆಚ್ಚೋ ಜಾಗ ಅವರದು. ತುಕಡಿ ಅರ್ಧಕ್ಕಿಂತ ಕಡಿಮೆಯಾಗಿ ಧೈರ್ಯದ ಪರೀಕ್ಷೆಯಲ್ಲಿ ಸೋತರೆ ಅದರ ಹಿಡಿತ ಸೊನ್ನೆ, ಅಲ್ಲಿ ಎಷ್ಟು ಜನ ನಿಂತಿದ್ದರೂ ಲೆಕ್ಕಕ್ಕಿಲ್ಲ. ಹೊಸಬರು ಮರೆಯುವುದು ಇದನ್ನೇ. ನನ್ನ ಟಿರಾನಿಡ್‌ಗಳಿಗೆ ನಾಯಕ ಪ್ರಾಣಿ 6 ಇಂಚಿನೊಳಗೆ ಇದ್ದರೆ ಈ ಪರೀಕ್ಷೆಗೆ ಎರಡರ ಬದಲು ಮೂರು ದಾಳ ಸಿಗುತ್ತದೆ. ಎರಡನೇ ಆಟದಲ್ಲಿ ಅದು ನೆನಪಾಗಲಿಲ್ಲ, ನಡುವಿನ ಜಾಗ ಕೈತಪ್ಪಿತು. ಈಗ ಅಂಥ ನಾಲ್ಕೈದು ನಿಯಮಗಳನ್ನು ಅಂಗೈ ಅಗಲದ ಕಾರ್ಡಿನಲ್ಲಿ, ಹಂತದ ಹೆಸರಿನ ಕೆಳಗೆ, ಕನ್ನಡದಲ್ಲೇ ಬರೆದುಕೊಂಡು ಟೇಪಿನ ಜೊತೆ ಇಡುತ್ತೇನೆ.

ಸಾಮಾನು ಕಟ್ಟುವುದು

ಗೊಂಬೆ ಸಾಗಿಸಲು ಫೋಮ್ ಚೀಲಕ್ಕಿಂತ ಆಯಸ್ಕಾಂತ ಮೇಲು. ಪ್ರತಿ ಬಿಲ್ಲೆಯ ಅಡಿಗೆ 5 ಮಿಲಿಮೀಟರ್ ಅಗಲದ ನಿಯೋಡಿಮಿಯಮ್ ತುಣುಕೊಂದನ್ನು ಸೂಪರ್ ಗ್ಲೂನಿಂದ ಅಂಟಿಸಿ. ಪೆಟ್ಟಿಗೆಗೆ ದೂರ ಹುಡುಕಬೇಕಿಲ್ಲ: ಹಾಸ್ಟೆಲಿಗೆ ಹೋಗುವಾಗ ಮನೆಯಲ್ಲಿ ಕೊಡಿಸುತ್ತಿದ್ದರಲ್ಲ, ಆ ತಗಡಿನ ಟ್ರಂಕು ಇದಕ್ಕೆಂದೇ ಮಾಡಿದಂತಿದೆ. ಗೊಂಬೆ ತಳಕ್ಕೆ ಗಟ್ಟಿಯಾಗಿ ಕೂರುತ್ತದೆ. ಎರಡನೇ ಅಂತಸ್ತು ಬೇಕೆಂದು ಅಡುಗೆಮನೆಯ ಸ್ಟೀಲ್ ತಟ್ಟೆ ತೆಗೆದುಕೊಳ್ಳುವ ಮುನ್ನ ಆಯಸ್ಕಾಂತ ಹಚ್ಚಿ ನೋಡಿ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಹಿಡಿಯುವುದಿಲ್ಲ. ತಗಡಿನ ಕೆಲಸದವರ ಹತ್ತಿರ ಜಿಐ ಶೀಟ್ ಅಳತೆಗೆ ಕತ್ತರಿಸಿ, ಅಂಚು ಮಡಚಿಸಿಕೊಳ್ಳಿ.

ಬೇಸಿಗೆಯಲ್ಲಿ ಕಾರಿನಲ್ಲಿ ಬಿಡಬೇಡಿ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ ಗೋಡೆ, ಗೊಂಬೆಗಳು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತವೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅಷ್ಟು ಕಾವು ಸುಲಭವಾಗಿ ಏರುತ್ತದೆ. ರೆಸಿನ್ ಕತ್ತಿ, ಈಟಿ ಬಾಗಿದ್ದರೆ ಮಾತ್ರ ಹೆದರಬೇಕಿಲ್ಲ, ಬಿಸಿನೀರಲ್ಲಿ ಅದ್ದಿ ನೇರ ಮಾಡಿ ತಣ್ಣೀರಿಗೆ ಹಾಕಿದರೆ ನಿಲ್ಲುತ್ತದೆ.

ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ರೈಲು ಅನುಕೂಲ. ಆದರೆ ಆಟದ ದಿನ ಬೆಳಿಗ್ಗೆ ಇಳಿದು ನೇರವಾಗಿ ಹಾಲಿಗೆ ಹೋಗಬೇಡಿ. ನಾನು ಹಾಗೆ ಹೋಗಿ ಮೂರನೇ ಆಟದ ಹೊತ್ತಿಗೆ ಕಣ್ಣು ಬಿಡಲಾರದೆ ಕೂತಿದ್ದೆ. ಒಂದು ದಿನ ಮೊದಲೇ ತಲುಪಿ. ಬೀದರಿನವರು ಹುಮನಾಬಾದ್ ಮೇಲೆ ಕಲಬುರಗಿಗೆ ಬರುವ ರೈಲು 2017ರಲ್ಲಿ ಶುರುವಾದ ಮೇಲೆ ನಾವು ಇಲ್ಲಿ ಕೂಡಿ ಒಟ್ಟಿಗೆ ಹೊರಡುವುದು ಸಾಧ್ಯವಾಗಿದೆ. ಜೊತೆಗೊಬ್ಬರಿದ್ದರೆ ಟ್ರಂಕಿನ ಕಾವಲಿಗೂ ಆಯಿತು, ದಾರಿಯುದ್ದಕ್ಕೂ ನಿಯಮದ ಮಾತೂ ಆಯಿತು.

ಚೀಲದಲ್ಲಿ ಇರಲಿ: ಇಂಚಿನ ಟೇಪು ಎರಡು, ದಾಳ ಮೂವತ್ತು, ಪಡೆಯ ಪಟ್ಟಿಯ ಎರಡು ಪ್ರತಿ, ಸೂಪರ್ ಗ್ಲೂ, ಪೆನ್ನು, ಪವರ್ ಬ್ಯಾಂಕ್. ಊಟದ ಬಿಡುವು ಅರ್ಧ ಗಂಟೆಗಿಂತ ಹೆಚ್ಚಿರುವುದಿಲ್ಲ, ಹೊರಗೆ ಹೋಟೆಲು ಹುಡುಕಿದರೆ ಅದರಲ್ಲೇ ಮುಗಿಯುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಎರಡು ದಿನ ಕೆಡುವುದಿಲ್ಲ. ಕೈ ತೊಳೆದು ದಾಳ ಮುಟ್ಟಿ.

ಮೇಜಿನ ಎದುರು

ಎದುರಾಳಿಯ ಕೈ ಕುಲುಕಿ, ಹೆಸರು ಹೇಳಿ, ಇದು ನನ್ನ ಮೊದಲ ಟೂರ್ನಮೆಂಟು ಎಂದು ಮೊದಲೇ ತಿಳಿಸಿ. ಇದರಲ್ಲಿ ಸಣ್ಣತನವಿಲ್ಲ. ನಾನು ಎದುರಿಸಿದ ಮೂವರೂ ಅದನ್ನು ಕೇಳಿದ ಮೇಲೆ ತಮ್ಮ ಪಡೆಯ ಅಪಾಯಕಾರಿ ತುಕಡಿಗಳನ್ನು ತಾವಾಗಿಯೇ ತೋರಿಸಿ ವಿವರಿಸಿದರು. ನೀವೂ ಕೇಳಿ: ಈ ತುಕಡಿ ಒಂದು ಸರದಿಯಲ್ಲಿ ಎಷ್ಟು ದೂರದಿಂದ ನನ್ನ ಮೇಲೆ ಬರಬಹುದು? ನನ್ನ ಸರದಿಯಲ್ಲಿ ನೀವು ಮಾಡಬಹುದಾದದ್ದು ಏನಾದರೂ ಇದೆಯೇ? ಈ ಎರಡು ಪ್ರಶ್ನೆ ಸಾಕು. ಆಮೇಲೆ ಮೇಜಿನ ಮೇಲಿನ ಗೋಡೆಗಳಲ್ಲಿ ಯಾವುದು ಪೂರ್ತಿ ಮರೆ, ಯಾವ ಕಿಟಕಿಯಿಂದ ಕಾಣುತ್ತದೆ ಎಂದು ಇಬ್ಬರೂ ಒಪ್ಪಿಕೊಳ್ಳಿ. ಮೊದಲ ದಾಳ ಬೀಳುವ ಮುನ್ನವೇ ಇದು ಮುಗಿದಿರಬೇಕು.

ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿ ಆಡುವುದು ಟೂರ್ನಮೆಂಟಿನ ಬಹು ದೊಡ್ಡ ಕಲೆ. ನಮ್ಮ ಊರಿನ ಮೇಜಿನಲ್ಲಿ ಅದು ಹೀಗೆ ಕೇಳಿಸುತ್ತದೆ:

“ಅಣ್ಣಾ, ಈ ಐದು ಮಂದಿ ಗ್ವಾಡಿ ಹಿಂದ ಪೂರ್ತಿ ಮರೀಗಿ ನಿಲ್ಲಸ್ಲಿಕ್ಕತ್ತೀನಿ. ನಿಮ್ಮ ತೋಪಿಗಿ ಕಾಣಂಗಿಲ್ಲ, ಹೌದಲ್ರಿ?”

“ಹೌದ್ರಿ, ಕಾಣಂಗಿಲ್ಲ. ಆ ಕಡಿಯವನ ಕಾಲು ಸ್ವಲ್ಪ ಹೊರಗ ಅದ, ಒಳಗ ಸರಸ್ರಿ.”

ಇಷ್ಟಾದ ಮೇಲೆ ಎದುರಿನವರ ಸರದಿಯಲ್ಲಿ ಬಗ್ಗಿ, ಕಣ್ಣು ಕಿರಿದು ಮಾಡಿ ಜಗಳ ಆಡುವ ಪ್ರಸಂಗವೇ ಬರುವುದಿಲ್ಲ. ಗೊಂಬೆಯ ಭುಜ ಒಂದು ಕೂದಲೆಳೆ ಹೊರಬಂದಿದ್ದರೂ ಇಬ್ಬರೂ ಒಪ್ಪಿದ ಮಾತೇ ಉಳಿಯುತ್ತದೆ. ಒಳ್ಳೆಯ ಆಟಗಾರರನ್ನು ನಾನು ಗುರುತಿಸುವುದು ಇದರಿಂದಲೇ. ಅವರು ಪ್ರತಿ ನಡೆಯನ್ನೂ ಹೇಳಿಯೇ ಮಾಡುತ್ತಾರೆ, ಎಸೆಯುವ ಮೊದಲೇ “ಹತ್ತು ದಾಳ, ಮೂರರ ಮೇಲೆ ಬೇಕು” ಎನ್ನುತ್ತಾರೆ.

ದಾಳ ಓರೆಯಾಗಿ ನಿಂತರೆ ಮತ್ತೆ ಎಸೆಯಿರಿ. ಎದುರಾಳಿಯ ಗೊಂಬೆಯನ್ನು ಕೇಳದೆ ಮುಟ್ಟಬೇಡಿ. ಅದರ ಹಿಂದೆ ಅವರ ಹತ್ತಿಪ್ಪತ್ತು ರಾತ್ರಿಗಳಿವೆ. ಮರೆತುಹೋದದ್ದನ್ನು ಹಿಂದಕ್ಕೆ ಹೋಗಿ ಮಾಡಲು ಕೇಳುವುದಾದರೆ, ನಡುವೆ ಯಾವ ದಾಳವೂ ಬಿದ್ದಿರಬಾರದು. ಬಿದ್ದಿದ್ದರೆ ಬಿಟ್ಟುಬಿಡಿ. ನಿಯಮದಲ್ಲಿ ಭಿನ್ನಾಭಿಪ್ರಾಯ ಬಂದರೆ ಒಂದು ನಿಮಿಷ ಹುಡುಕಿ. ಸಿಗದಿದ್ದರೆ ಕೈಯೆತ್ತಿ ಜಡ್ಜ್ ಕರೆಯಿರಿ, ಗಡಿಯಾರ ನಿಲ್ಲಿಸಿ. ಜಡ್ಜ್ ಕರೆಯುವುದನ್ನು ದೂರು ಎಂದು ಯಾರೂ ತಿಳಿಯುವುದಿಲ್ಲ. ನಾನು ಸಂಕೋಚಪಟ್ಟು ಕರೆಯದೆ, ತಪ್ಪು ನಿಯಮವನ್ನೇ ಒಪ್ಪಿಕೊಂಡು ಒಂದು ತುಕಡಿ ಕಳೆದುಕೊಂಡೆ.

ಟೂರ್ನಮೆಂಟುಗಳಲ್ಲಿ ಹೆಚ್ಚಾಗಿ ಸ್ವಿಸ್ ಪದ್ಧತಿ ಇರುತ್ತದೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿಯಾಗುತ್ತಾರೆ, ಯಾರನ್ನೂ ಹೊರಗೆ ಹಾಕುವುದಿಲ್ಲ. ಎರಡು ಸೋಲಿನ ನಂತರ ಮೂರನೇ ಆಟದಲ್ಲಿ ನನ್ನೆದುರಿಗೆ ಬಂದವರೂ ಎರಡು ಸೋತವರೇ. ಆ ಆಟ ಐದೂ ಸುತ್ತು ಮುಗಿಯಿತು, ನಾನು ಗೆದ್ದೆ. ಆದ್ದರಿಂದ ಬೆಳಿಗ್ಗೆ ಸೋತೆವೆಂದು ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಡಿ. ನೀವು ಹೋದರೆ ಇನ್ನೊಬ್ಬರು ಆಟವಿಲ್ಲದೆ ಕೂರಬೇಕಾಗುತ್ತದೆ.

ನಮ್ಮೂರಲ್ಲೇ ಒಂದು ದಿನ

ಹೊರಗೆ ಹೋಗಿ ಬಂದ ಮೇಲೆ ನಾವು ಎಂಟು ಜನ ಸೇರಿ ಕಲಬುರಗಿಯಲ್ಲೇ ಒಂದು ದಿನದ ಟೂರ್ನಮೆಂಟ್ ಆಡಿದೆವು. ಎಂಟು ಜನಕ್ಕೆ ಮೂರು ಸುತ್ತು ಸರಿಯಾದ ಲೆಕ್ಕ: ಮೊದಲ ಸುತ್ತಿಗೆ ಗೆದ್ದವರು ನಾಲ್ವರು, ಎರಡನೆಯದಕ್ಕೆ ಇಬ್ಬರು, ಮೂರನೆಯದಕ್ಕೆ ಒಬ್ಬರು ಸೋಲಿಲ್ಲದೆ ಉಳಿಯುತ್ತಾರೆ. ತಲಾ ಎರಡು ಗಂಟೆಯಂತೆ ಬೆಳಿಗ್ಗೆ ಒಂಬತ್ತೂವರೆಗೆ ಶುರುಮಾಡಿದರೆ ಊಟ, ಚಹಾ ಸೇರಿ ಸಂಜೆ ಆರರೊಳಗೆ ಮುಗಿಯುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಬೇಸಿಗೆಯಲ್ಲಿ ಕರೆಂಟು ಹೋದರೆ ಫ್ಯಾನಿಲ್ಲದ ಕೋಣೆಯಲ್ಲಿ ಯಾರೂ ತಲೆ ಓಡಿಸಲಾರರು.

ಮೇಜಿಗೆ 1,000 ಪಾಯಿಂಟಿನ ಅಳತೆ 60ಕ್ಕೆ 44 ಇಂಚು, ಕಾಂಬ್ಯಾಟ್ ಪ್ಯಾಟ್ರೋಲ್‌ಗೆ 44ಕ್ಕೆ 30. ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಎಂದರೆ 96ಕ್ಕೆ 48 ಇಂಚು. ಒಂದೇ ಹಾಳೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಎರಡೂ ಮೇಜು ಸಿಗುತ್ತವೆ. ಕತ್ತರಿಸುವುದನ್ನು ಅಂಗಡಿಯಲ್ಲೇ ಮಾಡಿಸಿ. ಹಾಳೆಯನ್ನು ಪೂರ್ತಿ ಮನೆಗೆ ತಂದರೆ ಮೆಟ್ಟಿಲಲ್ಲಿ ತಿರುಗುವುದಿಲ್ಲ.

ಗೋಡೆಗಳಿಗೆ ಥರ್ಮಾಕೋಲ್ ಸಾಕು. ಎಲ್ ಆಕಾರದ, ಐದಾರು ಇಂಚು ಎತ್ತರದ ಮುರುಕು ಕಟ್ಟಡಗಳು ಮೇಜಿಗೆ ಆರಾದರೂ ಬೇಕು. ಇಲ್ಲದಿದ್ದರೆ ಮೊದಲು ಗುಂಡು ಹಾರಿಸಿದವರೇ ಗೆಲ್ಲುತ್ತಾರೆ. ಥರ್ಮಾಕೋಲ್‌ಗೆ ನೇರವಾಗಿ ಸ್ಪ್ರೇ ಹೊಡೆದರೆ ಅದರೊಳಗಿನ ದ್ರಾವಕ ಅದನ್ನು ಕರಗಿಸಿ ತಿಂದುಹಾಕುತ್ತದೆ. ಮೊದಲು ಫೆವಿಕಾಲ್‌ಗೆ ಕಪ್ಪು ಅಕ್ರಿಲಿಕ್ ಬೆರೆಸಿ ಎರಡು ಸಲ ಬಳಿಯಿರಿ, ಆಮೇಲೆ ಬೇಕಾದ ಬಣ್ಣ.

ಯುರೋಪಿನ ಮುರುಕು ಇಗರ್ಜಿಗಳನ್ನೇ ಕಟ್ಟಬೇಕೆಂದು ಯಾವ ನಿಯಮವೂ ಇಲ್ಲ. ಒಂದು ಮೇಜಿನಲ್ಲಿ ನಾವು ಕಲಬುರಗಿ ಕೋಟೆಯ ಬುರುಜು ಮಾಡಿ, ಮೇಲೆ 29 ಅಡಿ ಉದ್ದದ ಬಾರಾ ಗಜಿ ತೋಪನ್ನು ಗೊಂಬೆಗಳ ಅಳತೆಗೆ ಇಳಿಸಿ ಇಟ್ಟೆವು. ಹೆಚ್ಚೂಕಡಿಮೆ 60ಕ್ಕೆ 1ರ ಪ್ರಮಾಣದಲ್ಲಿ ಅದು ಆರು ಇಂಚಿಗೆ ಸ್ವಲ್ಪ ಕಡಿಮೆ ಬಂತು. ಇನ್ನೊಂದು ಮೇಜಿಗೆ ಬೀದರಿನ ಗೆಳೆಯ ತನ್ನ ಊರಿನ ಕೋಟೆಯ, ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕವನ್ನು ಕತ್ತರಿಸಿ ತಂದಿದ್ದ. ನೋಡಲು ಬಹಳ ಚೆಂದ. ಆಡುವಾಗ ಮಾತ್ರ ಕಂದಕದೊಳಗೆ ಇಳಿದ ತುಕಡಿ ಎರಡು ಸರದಿ ಹೊರಬರಲಾಗದೆ ಆಟ ಒಂದೇ ಕಡೆ ವಾಲಿತು. ಮುಂದಿನ ಸಲಕ್ಕೆಂದು ನಡುವೆ ಎರಡು ಸೇತುವೆ ಹಾಕಿದ್ದೇವೆ.

ಅಂದು ರಾತ್ರಿ ಎಲ್ಲರೂ ಹೋದ ಮೇಲೆ ಮಾಡಬೇಕಾದ ಕೆಲಸ ಎರಡು. ಟ್ರಂಕಿಗೆ ಇಡುವ ಮುನ್ನ ಗೊಂಬೆಗಳನ್ನು ಎಣಿಸಿ, ಮುರಿದ ಕೈಕಾಲುಗಳನ್ನು ಬೆಂಕಿಪೊಟ್ಟಣದಲ್ಲಿ ತೆಗೆದಿಟ್ಟು ಯಾವ ಗೊಂಬೆಯದೆಂದು ಬರೆಯಿರಿ, ಮರುದಿನ ಅಂಟಿಸಲು. ಆಮೇಲೆ ಪ್ರತಿ ಆಟಕ್ಕೂ ಮೂರು ಸಾಲು ನೋಟ್‌ಬುಕ್ಕಿನಲ್ಲಿ: ಎಷ್ಟನೇ ಸುತ್ತಿನಲ್ಲಿ ಮುಗಿಯಿತು, ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿತ್ತು, ಯಾವ ನಿಯಮ ಮರೆತಿತು. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈಗ ಇರುವುದು: ಐದು ಸುತ್ತು, ನಾಲ್ಕು ನಿಮಿಷ, ನಾಯಕ ಪ್ರಾಣಿ ನಡುವಿನ ಜಾಗದಿಂದ 7 ಇಂಚು ದೂರ ನಿಂತಿತ್ತು.